ಜಿಪಾರ್ ಅಕ್ಕ ಮರಳಿ ತಂದ ಮೂರು ಅಕ್ಷರ

ಕಿರ್ಗಿಜ್ ನಾಡಿನ ಓಶ್ ನಗರದ ನಮ್ಮ ಬ್ರೈಲ್ ಮುದ್ರಣಾಲಯದ ಯಂತ್ರಗಳನ್ನು ಮೂವತ್ತೊಂದು ವರ್ಷ ನೋಡಿಕೊಂಡು ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಜಿಪಾರ್ ಮಮಾತೋವಾ ಅವರ ಹೆಸರು ಯಾವ ಪುಸ್ತಕದ ಮೇಲೂ ಇಲ್ಲ; ಆದರೆ ಕಿರ್ಗಿಜ್ ನುಡಿಯನ್ನು ಬೆರಳಿನಿಂದ ಓದುವ ನಮ್ಮ ಊರಿನವರ ಮನೆಗಳಲ್ಲಿ ಅವರ ಕೈ ಸೋಕದೆ ಬಂದ ಪುಸ್ತಕ ಒಂದೂ ಇರಲಾರದು. ಹುಟ್ಟುಕುರುಡನಾದ ನಾನು ಕರಡು ತಿದ್ದುವ ಕೆಲಸಕ್ಕೆ ಸೇರಿದ ದಿನ ಎಲ್ಲರೂ ನನ್ನ ತೋಳು ಹಿಡಿದು ಎಳೆದೊಯ್ಯುತ್ತಿದ್ದಾಗ, ತಮ್ಮ ಮೊಣಕೈ ಚಾಚಿ, "ಹಿಡ್ಕೊ ತಮ್ಮಾ, ನಿನ್ನ ನಡಿಗೆಗೆ ನಾನು ಬರ್ತೀನಿ" ಎಂದವರು ಅವರೊಬ್ಬರೇ.

ಸತುವಿನ ತಗಡಿನ ಮೇಲೆ ಚುಕ್ಕಿ ಒತ್ತುವ ನಮ್ಮ ಯಂತ್ರವನ್ನು ನಡೆಸುತ್ತಿದ್ದುದು ಸೋವಿಯತ್ ಕಾಲದ ಕೊನೆಯಲ್ಲಿ ಬಂದ ಒಂದು ಕಂಪ್ಯೂಟರ್. ಆರು ವರ್ಷಗಳ ಹಿಂದೆ ಅದರ ಫ್ಲಾಪಿ ಡ್ರೈವ್ ಕೆಟ್ಟು, ಒಂದನೆಯ ತರಗತಿಯ ಪಠ್ಯ ಅರ್ಧಕ್ಕೇ ನಿಂತಿತು. ಅಂಧಮಕ್ಕಳ ಶಾಲೆ ತೆರೆಯಲು ಐದು ವಾರವಿತ್ತು.

"ಗುಜರಿಗೆ ಹಾಕೋಣ. ಈ ವರ್ಷ ಮಕ್ಕಳು ರಷ್ಯನ್ ಪುಸ್ತಕಾನೇ ಓದ್ಲಿ" ಎಂದರು ನಿರ್ದೇಶಕ ಎಸೆನ್‌ಬೈ.

"ಅಮ್ಮನ ಹತ್ರ ಯಾವ ಮಾತಾಡ್ತಾವೋ ಅದನ್ನೇ ಮೊದಲು ಓದ್ಲಿ ಸಾರ್. ಒಂದು ತಿಂಗಳು ಕೊಡಿ" ಎಂದರು ಜಿಪಾರ್ ಅಕ್ಕ.

ಹಳೆಯ ಕಂಪ್ಯೂಟರಿಗೆ ತಾನೇ ಫ್ಲಾಪಿ ಡ್ರೈವ್ ಎಂದು ನಂಬಿಸಿ, ಪೆನ್‌ಡ್ರೈವಿನಲ್ಲಿದ್ದುದನ್ನು ಓದಿಸುವ ಅಂಗೈಯಗಲದ ಅಡಾಪ್ಟರೊಂದನ್ನು ಅಕ್ಕ ತರಿಸಿದರು. ತಂತ್ರಾಂಶವಿದ್ದ ಒಂದೇ ಒಂದು ಫ್ಲಾಪಿಯನ್ನು ನಿವೃತ್ತ ಮೇಷ್ಟ್ರೊಬ್ಬರ ಮನೆಯ ಡ್ರೈವಿನಲ್ಲಿ ಓದಿಸಿ ನಕಲು ತೆಗೆದರು. ಎರಡು ದಿನ ಕಂಪ್ಯೂಟರು ಅಡಾಪ್ಟರನ್ನು ಗುರುತಿಸಲೇ ಇಲ್ಲ. ಅಡಾಪ್ಟರಿನ ಲೋಹದ ಸೂಜಿಗಳನ್ನು ಜೋಡಿಸುವ, ಅಕ್ಕಿಕಾಳಿನಷ್ಟೇ ದೊಡ್ಡ ಟೋಪಿಯೊಂದು ತಪ್ಪು ಸೂಜಿಯ ಮೇಲೆ ಕೂತಿತ್ತಂತೆ. ಅದನ್ನು ಸರಿಪಡಿಸಿದ ಮೇಲೆ ಬಂದ ಮೊದಲ ತಗಡನ್ನು ನನ್ನ ಮುಂದಿಟ್ಟರು.

ಓದಿದೆ. ರಷ್ಯನ್ನಿನಲ್ಲಿಲ್ಲದ, ನಮ್ಮ ನುಡಿಗೇ ಬೇಕಾದ ಮೂರು ಅಕ್ಷರಗಳ ಜಾಗದಲ್ಲಿ ಬರೀ ಸಪಾಟು. ಫ್ಲಾಪಿಯ ಆ ಭಾಗವಷ್ಟೇ ಹಾಳಾಗಿತ್ತು.

ಅಕ್ಕ ತಗಡನ್ನು ಬದಿಗಿಟ್ಟರು. "ತಪ್ಪು ನಂದೇ. ಹತ್ತು ವರ್ಷದ ಹಿಂದೇನೇ ಇನ್ನೊಂದು ನಕಲು ಮಾಡಿಡ್ಬೇಕಿತ್ತು."

"ಆ ಚುಕ್ಕಿಗಳು ನನ್ನ ಬೆರಳಲ್ಲಿವೆ ಅಕ್ಕಾ. ನಾನು ಹೇಳ್ತೀನಿ, ನೀವು ತುಂಬಿ."

ನಾಲ್ಕು ದಿನ ಹಾಗೆಯೇ ಕೂತೆವು. ಹನ್ನೊಂದು ತಗಡುಗಳನ್ನು ನಾನು ತಿರಸ್ಕರಿಸಿದೆ. ಒಮ್ಮೆಯೂ ಅವರು ಬೇಸರಿಸಲಿಲ್ಲ, ನನ್ನನ್ನು ಸಮಾಧಾನಪಡಿಸಲೆಂದು ಹೊಗಳಲೂ ಇಲ್ಲ. ಹನ್ನೆರಡನೆಯದರಲ್ಲಿ, ಆ ಮೂರರಲ್ಲೊಂದು ಅಕ್ಷರವಿರುವ ಮೊದಲ ಪಾಠದ ಪದ ಬೆರಳಿಗೆ ಸಿಕ್ಕಿತು: ಸ್ಯುತ್, ಹಾಲು.

"ಇನ್ನೊಂದ್ಸಲ ಓದು" ಎಂದರು. ಓದಿದೆ. ಮತ್ತೊಮ್ಮೆ ಓದಿದೆ. ಅಕ್ಕ ಚಹಾದ ಬಟ್ಟಲನ್ನು ನನ್ನ ಕೈಗಿತ್ತು ಎದ್ದು ಹೋದರು.

ಪುಸ್ತಕಗಳು ಒಂಬತ್ತು ದಿನ ತಡವಾಗಿ ಶಾಲೆ ಮುಟ್ಟಿದವು. ಕಟ್ಟುಗಳನ್ನು ಹೊತ್ತೊಯ್ದವರಲ್ಲಿ ಎಸೆನ್‌ಬೈ ಅವರೂ ಇದ್ದರು. ಆ ತಂತ್ರಾಂಶದ ನಕಲು ಈಗ ಐದು ಕಡೆ ಭದ್ರವಾಗಿದೆ.

ನಾರಿನ್‌ನ ಶಾಲೆಯೊಂದು ತನ್ನ ಹಳೆಯ ಬ್ರೈಲ್ ಯಂತ್ರವನ್ನು ದುರಸ್ತಿಗೆಂದು ಆಗಲೇ ಅಕ್ಕನ ಮನೆಗೆ ಕಳಿಸಿದೆಯೆಂದು ಕೇಳಿದ್ದೇನೆ. ಅವರ ಮಂಡಿನೋವು ಇಳಿಯಲಿ, ಆಯುಷ್ಯ ಬೆಳೆಯಲಿ, ಆ ಯಂತ್ರ ನಮ್ಮದಕ್ಕಿಂತ ಬೇಗ ಅವರ ಮಾತು ಕೇಳಲಿ. ಓದಿ ನೋಡಲು ಬೆರಳು ಬೇಕಾದರೆ, ಅಕ್ಕಾ, ಕರೆಯಿರಿ; ನಿಮ್ಮ ನಡಿಗೆಗೆ ನಾನು ಬರುತ್ತೇನೆ.