ಐವತ್ತೆರಡು ಪುಸ್ತಕಗಳ ವರ್ಷ

ಅಚ್ಚುಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಾಗುಣಿತದಕ್ಕ ಎಂದು. ಕರಡು ತಿದ್ದುವುದು ಅವಳ ಕೆಲಸ. ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಮಿಕ್ಸಿಯ ಜೊತೆ ಬರುವ ಪುಸ್ತಿಕೆ, ಯಾರದೋ ನಿಧನದ ಪ್ರಕಟಣೆ ಇವುಗಳ ಮೇಲೆ ಇಪ್ಪತ್ತೇಳು ವರ್ಷ ಕಣ್ಣು ಸವೆಸಿದ್ದಳು. ಕಿಟಕಿಯಿಲ್ಲದ ಮೂಲೆ, ಗುಂಯ್‌ಗುಡುವ ಟ್ಯೂಬ್‌ಲೈಟು, ಒಂದು ಕಾಲಿನ ಕೆಳಗೆ ರಟ್ಟು ಕೊಟ್ಟ ಮೇಜು. ಓದಿದ್ದರಲ್ಲಿ ಒಂದು ಸಾಲೂ ತನಗಾಗಿ ಓದಿದ್ದಲ್ಲ.

ಅವಳಿಗೆ ಐವತ್ತೆರಡು ತುಂಬಿದ ವರ್ಷ ಬಡಾವಣೆಯ ಗ್ರಂಥಾಲಯದಲ್ಲಿ ಗೋಡೆಗೊಂದು ಪಟ್ಟಿ ಅಂಟಿಸಿದರು. ವಾರಕ್ಕೊಂದರಂತೆ ವರ್ಷಕ್ಕೆ ಐವತ್ತೆರಡು ಪುಸ್ತಕ. ಮುಗಿಸಿದ ಒಂದೊಂದಕ್ಕೂ ಹೆಸರಿನ ಮುಂದೆ ಒಂದು ಕೆಂಪು ನಕ್ಷತ್ರ. ವಯಸ್ಸಿಗೂ ಪುಸ್ತಕಕ್ಕೂ ಲೆಕ್ಕ ಸರಿಹೋಯಿತಲ್ಲ ಎಂದು ಹೆಸರು ಬರೆಸಿಯೇಬಿಟ್ಟಳು.

"ದಿನವಿಡೀ ಓದಿ ಬಂದು ಮನೇಲೂ ಓದ್ತೀಯಾ?" ಎಂದ ಗಂಡ. ಅವನು ಬಸ್ ಡ್ರೈವರ್. "ನಾನು ರಜಾ ದಿನ ಬಸ್ ಹತ್ತೋದೂ ಇಲ್ಲಪ್ಪ."

ಮೊದಲ ಎರಡು ತಿಂಗಳು ಹುರುಪಿತ್ತು. ರೂಲು ಎಳೆದ ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ, ಪುಸ್ತಕದ ಹೆಸರು, ಪುಟ, ಮುಗಿಸಿದ ತಾರೀಕು, ಕೊನೆಗೆ ಅಭಿಪ್ರಾಯ ಅಂತ ಒಂದು ಕಾಲಂ. ಆಮೇಲೆ ಪರೀಕ್ಷೆಗಳ ಕಾಲ ಬಂತು, ಅಚ್ಚುಮನೆಯಲ್ಲಿ ಉಸಿರಾಡಲು ಬಿಡುವಿಲ್ಲ. ಏಪ್ರಿಲ್‌ಗೆ ನಾಲ್ಕು ವಾರ ಹಿಂದೆ ಬಿದ್ದಳು. ಅದನ್ನು ತುಂಬಲು ಕಪಾಟಿನಲ್ಲಿ ತೆಳ್ಳಗಿನವೇ ಹುಡುಕತೊಡಗಿದಳು. ಬಸ್ಸಿನಲ್ಲಿ ನಿಂತುಕೊಂಡೇ ಓದಿದಳು, ಕುಕ್ಕರ್ ಕೂಗುವಷ್ಟರಲ್ಲಿ ನಾಲ್ಕು ಪುಟ ಮುಗಿಸಿದಳು. ಓದುತ್ತಿರುವಾಗಲೇ ಬೆರಳು ಕೊನೆಯ ಪುಟದ ಸಂಖ್ಯೆ ನೋಡಿ ಬರುತ್ತಿತ್ತು. ಕಣ್ಣುರಿ ಬಂದರೆ ತಣ್ಣೀರು ಹಾಕಿಕೊಂಡು ಮತ್ತೆ ಕೂತಳು.

ಆಗಸ್ಟಿನ ಒಂದು ಭಾನುವಾರ ಗಂಡ ಯಾವುದೋ ಫೋನ್ ನಂಬರಿಗಾಗಿ ಆ ನೋಟ್‌ಬುಕ್ಕು ತಿರುವುತ್ತಿದ್ದ. "ಏನೇ ಇದು, ಎಂಟನೇ ಪುಸ್ತಕಾನೂ ಇಪ್ಪತ್ತೊಂಬತ್ತನೇ ಪುಸ್ತಕಾನೂ ಒಂದೇ ಅಲ್ವಾ?"

"ಹೆಸರು ಒಂದೇ ಇರಬಹುದು."

"ಪುಟಾನೂ ನೂರ ಎಪ್ಪತ್ತಾರೇ ಇದೆ. ಅಭಿಪ್ರಾಯಾನೂ ಅದೇ. 'ಚೆನ್ನಾಗಿದೆ.'"

ಅವಳು ಕಿತ್ತುಕೊಂಡು ನೋಡಿದಳು. ಆ ಪುಸ್ತಕ ಇನ್ನೂ ಮನೆಯಲ್ಲೇ ಇತ್ತು, ತೆಗೆದು ತಿರುವಿದಳು. ಅರುವತ್ತೊಂದನೇ ಪುಟದಲ್ಲಿ 'ಹಾಳು ಕುಡಿದು' ಎಂದು ಅಚ್ಚಾದದ್ದನ್ನು ಯಾರೋ ಪೆನ್ಸಿಲಿನಲ್ಲಿ ಸುತ್ತಿ 'ಹಾಲು' ಮಾಡಿದ್ದರು. ಹೋದ ವಾರ ಅದನ್ನು ಕಂಡು, ಪರವಾಗಿಲ್ಲ, ಯಾರೋ ಬಲ್ಲವರೇ ತಿದ್ದಿದ್ದಾರೆ ಅಂದುಕೊಂಡು ಪುಟ ಮಗುಚಿದ್ದಳು. ಈಗ ನೋಡಿದರೆ ತನ್ನದೇ ಕೈಬರಹ.

ಗಂಡ ನಗಲು ಹೊರಟವನು ಅವಳ ಮುಖ ನೋಡಿ ಕುರ್ಚಿ ಎಳೆದುಕೊಟ್ಟ.

ಅವಳು ನೋಟ್‌ಬುಕ್ಕು ಹಿಡಿದು ಒಂದರಿಂದ ಶುರುಮಾಡಿದಳು. ಪ್ರತಿ ಹೆಸರಿನ ಮೇಲೂ ಬೆರಳಿಟ್ಟು, ಇದರಲ್ಲಿ ಏನಿತ್ತು ಎಂದು ತನ್ನನ್ನೇ ಕೇಳಿಕೊಂಡಳು. ಒಂಬತ್ತು ಪುಸ್ತಕಗಳದ್ದು ಮಾತ್ರ ಏನೋ ಒಂದೊಂದು ನೆನಪಾಯಿತು. ಮಿಕ್ಕವೆಲ್ಲ ಔಷಧಿಯ ಚೀಟಿಯ ಹಾಗೆ ಕಣ್ಣಿನ ಮೇಲಿಂದ ಜಾರಿಹೋಗಿದ್ದವು.

"ತಪ್ಪು ಹುಡುಕೋದು ಬಿಟ್ಟು ಬೇರೆ ಥರ ಓದೋದೇ ಮರೆತುಹೋಗಿದೆ ರೀ," ಎಂದಳು.

ಮರುದಿನ ಗ್ರಂಥಾಲಯಕ್ಕೆ ಹೋಗಿ ಒಂದು ನಕ್ಷತ್ರ ತೆಗೆದುಬಿಡಪ್ಪ ಎಂದಳು. ಗ್ರಂಥಪಾಲಕ ತಲೆ ಕೆರೆದುಕೊಂಡ. "ಅಂಟಿಸೋದು ಗೊತ್ತಮ್ಮ, ಇದುವರೆಗೆ ಕೀಳು ಅಂತ ಯಾರೂ ಕೇಳಿಲ್ಲ." ಕೊನೆಗೆ ಉಗುರಿನಿಂದ ಅವಳೇ ಎಬ್ಬಿಸಿದಳು, ಪಟ್ಟಿಯ ಕಾಗದವೂ ಚೂರು ಕಿತ್ತುಬಂತು. ಅದೇ ಪುಸ್ತಕವನ್ನು ಮತ್ತೆ ತನ್ನ ಹೆಸರಿಗೆ ಬರೆಸಿಕೊಂಡಳು.

ಮೂರನೇ ಸಲ ಓದಿ ಮುಗಿಸಲು ಏಳು ವಾರ ಹಿಡಿಯಿತು. ಊರಿಗೆ ಸೇತುವೆ ಆದ ಮೇಲೆ ಕೆಲಸ ಕಳೆದುಕೊಂಡ ದೋಣಿಯ ಹೆಂಗಸೊಬ್ಬಳ ಕಥೆ ಅದು. ಹತ್ತುವವರು ಯಾರೂ ಇಲ್ಲದಿದ್ದರೂ ಅವಳು ದಿನಾ ಬಂದು ದೋಣಿಯೊಳಗಿನ ನೀರು ಮೊಗೆದು ಚೆಲ್ಲುತ್ತಾಳೆ. ಆ ಪುಟ ಬಂದ ದಿನ ಕಾಗುಣಿತದಕ್ಕನಿಗೆ ಮುಂದೆ ಹೋಗಲಾಗಲಿಲ್ಲ. ಎರಡು ದಿನ ಪುಸ್ತಕ ಮುಚ್ಚಿಟ್ಟಳು. ಊಟಕ್ಕೆ ಕೂತಾಗ ಗಂಡನಿಗೆ ಅದನ್ನೇ ಹೇಳಿದಳು.

ಅವನು ಕೈಯಲ್ಲಿ ತುತ್ತು ಹಿಡಿದು ಕೇಳಿದ, "ಆಮೇಲೆ ಏನಾಯ್ತು?"

"ಗೊತ್ತಿಲ್ಲ. ಇನ್ನೂ ಅಲ್ಲಿಗೆ ಬಂದಿಲ್ಲ."

"ಎರಡು ಸಲ ಓದಿದ್ದೀಯಲ್ಲೇ ಮಹರಾಯ್ತಿ!"

ಅವಳಿಗೂ ನಗು ಬಂತು. ಬಹಳ ದಿನಗಳ ಮೇಲೆ ಬಂದದ್ದರಿಂದ ಬೇಗ ನಿಲ್ಲಲೂ ಇಲ್ಲ.

ಹಾಗಂತ ದಣಿವೇನೂ ಹೋಗಲಿಲ್ಲ. ಅಚ್ಚುಮನೆಯ ರಾಶಿ ಕರಗಲಿಲ್ಲ, ಕನ್ನಡಕದ ನಂಬರ್ ಇನ್ನೊಂದು ಸಲ ಏರಿತು. ಕೆಲವು ಸಂಜೆ ಒಂದೇ ಪುಟಕ್ಕೆ ತೂಕಡಿಕೆ ಬರುತ್ತಿತ್ತು. ವರ್ಷದ ಕೊನೆಗೆ ಅವಳ ಸಾಲಿನಲ್ಲಿ ಮೂವತ್ತೊಂದು ನಕ್ಷತ್ರ. ನಿವೃತ್ತ ಅಂಚೆಯಣ್ಣನೊಬ್ಬ ಅರುವತ್ತು ದಾಟಿಸಿ ಬಹುಮಾನಕ್ಕಿಟ್ಟ ಗೋಡೆ ಗಡಿಯಾರ ಗೆದ್ದ. ಅದನ್ನು ಕೊಟ್ಟ ದಿನ ಅವಳು ಗ್ರಂಥಾಲಯದಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಮನಸಾರೆ ಚಪ್ಪಾಳೆ ತಟ್ಟಿದಳು. ನೋಡುತ್ತ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ.

ಹೊರಡುವಾಗ ಗ್ರಂಥಪಾಲಕ ಹೊಸ ಪಟ್ಟಿ ಚಾಚಿದ. "ಈ ವರ್ಷ ಎಷ್ಟು ಅಂತ ಬರ್ಕೊಳ್ಳಲಿ ಅಕ್ಕಾ?"

"ಬೇಡಪ್ಪ, ಸುಸ್ತಾಗಿದೆ," ಎಂದಳು. "ಮನೇಲಿ ಒಂದು ಅರ್ಧಕ್ಕೆ ನಿಂತಿದೆ. ಅದನ್ನ ವಾಪಸು ಕೊಡೋ ತಾರೀಕು ಮುಂದಕ್ಕೆ ಹಾಕಿಕೊಡು ಸಾಕು. ಮುಗಿದಾಗ ಮುಗಿಯುತ್ತೆ."