ಸಿಸ್ಟರ್‌ಗಾಗಿ ಆರಿಸಿದ ಕ್ರಿಯಾಪದಗಳ ಪುಸ್ತಕ

ಕಳೆದ ವರ್ಷ ಇಟಾಲಿಯನ್ ಕ್ರಿಯಾಪದಗಳ ಪುಸ್ತಕವೊಂದನ್ನು ಹುಡುಕಿಕೊಂಡು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಹೋಗಿದ್ದೆ. ನನಗಾಗ ಎಪ್ಪತ್ತೆರಡು. ಅಲ್ಲಿಯ ಪುಸ್ತಕದಂಗಡಿಯವರಿಗೆ ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕಾಲದಿಂದಲೂ ಪರಿಚಯ.

“ಇಟಲಿದಾ?” ಎಂದು ಅವರು ಕನ್ನಡಕ ಹಣೆಗೇರಿಸಿದರು. “ಪಿಯುಸಿ ಗೈಡ್ ಐತ್ರಿ, ಎಫ್‌ಡಿಎ ಐತ್ರಿ, ಮೂವತ್ತು ದಿನದಾಗ ತೆಲುಗು ಐತ್ರಿ. ಇಟಲಿದು ಯಾರು ಕೇಳ್ತಾರ್ರಿ ಟೀಚರಮ್ಮ? ಅಲ್ಲೇನರ ಬೀಗತನ ಮಾಡೀರೇನು?”

“ಇಲ್ಲಪ್ಪ. ಒಬ್ಬರ ಹತ್ರ ಮಾತಾಡೋದೈತಿ,” ಎಂದೆ.

ಆ ಒಬ್ಬರು ನನ್ನ ಬೋರ್ಡಿಂಗ್ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್. ತೊಂಬತ್ತು ದಾಟಿದ ಅವರು ಈಗ ಇಟಲಿಯ ತಮ್ಮ ಕಾನ್ವೆಂಟಿನಲ್ಲಿ ವ್ಹೀಲ್‌ಚೇರಿನಲ್ಲಿದ್ದಾರೆಂದು ಹಳೆಯ ಗೆಳತಿಯೊಬ್ಬಳು ತಿಳಿಸಿದ್ದಳು. ಅವರನ್ನು ನೋಡಿಕೊಳ್ಳುತ್ತಿದ್ದ ಕೇರಳದ ಯುವ ಸನ್ಯಾಸಿನಿಯ ನಂಬರನ್ನೂ ಕೊಟ್ಟಳು. ನಾನು ಮೆಸೇಜ್ ಕಳಿಸಿದೆ. ಭಾನುವಾರಗಳಲ್ಲಿ ವಿಡಿಯೋ ಕಾಲ್ ಮಾಡಬಹುದು, ಆದರೆ ಸಿಸ್ಟರ್‌ಗೆ ಇಂಗ್ಲಿಷ್ ಪೂರ್ತಿ ಮರೆತುಹೋಗಿದೆ, ತಾಯಿಭಾಷೆ ಇಟಾಲಿಯನ್ ಒಂದೇ ಉಳಿದಿದೆ ಎಂದು ಉತ್ತರ ಬಂತು.

ನನಗೆ ಅವರೊಡನೆ ಬಹಳ ಮಾತು ಬೇಕಿರಲಿಲ್ಲ. ಒಂದು ತಪ್ಪನ್ನು ಒಪ್ಪಿಕೊಂಡು ಕ್ಷಮೆ ಕೇಳಬೇಕಿತ್ತು. ಅವರು ಇರುವಾಗಲೇ ಕೇಳಬೇಕಿತ್ತು.

ನಮ್ಮ ಕೇರಿಯಿಂದ ಕಾನ್ವೆಂಟ್ ಬೋರ್ಡಿಂಗ್ ಸೇರಿದ ಮೊದಲ ಹುಡುಗಿ ನಾನು. ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಕನ್ನಡದಲ್ಲಿ ಸಿಕ್ಕಿಬಿದ್ದವಳ ಕೊರಳಿಗೆ ದಾರ ಪೋಣಿಸಿದ ಮರದ ಬಿಲ್ಲೆ ಬೀಳುತ್ತಿತ್ತು. ಅವಳು ಇನ್ನೊಬ್ಬಳನ್ನು ಹಿಡಿದು ಅದನ್ನು ದಾಟಿಸಬೇಕು. ಸಂಜೆ ಊಟದ ಗಂಟೆ ಹೊಡೆದಾಗ ಬಿಲ್ಲೆ ಯಾರ ಕೊರಳಲ್ಲಿರುತ್ತದೋ ಅವಳು ಎಲ್ಲರೆದುರು ನಿಂತುಕೊಂಡೇ ಉಣ್ಣಬೇಕು. ಒಂದು ದಿನ ಕಾಲ್ಬೆರಳು ಎಡವಿ “ಯವ್ವಾ” ಎಂದುಬಿಟ್ಟೆ, ಬಿಲ್ಲೆ ನನ್ನ ಕೊರಳಿಗೆ ಬಂತು. ನನಗೆ ಒಂಬತ್ತು ವರ್ಷ. ಇಡೀ ದಿನ ಕಿವಿ ನಿಮಿರಿಸಿಕೊಂಡು ತಿರುಗಿದರೂ ಯಾರೂ ಸಿಗಲಿಲ್ಲ.

ಸಂಜೆ ಹೊಲಿಗೆಕೋಣೆಯ ಮುಂದೆ ಹಾದುಹೋಗುವಾಗ ಒಳಗೆ ಸಿಸ್ಟರ್ ಒಬ್ಬರೇ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದರು. ತಮ್ಮ ಭಾಷೆಯಲ್ಲಿ ತಮ್ಮಷ್ಟಕ್ಕೇ, ಎದುರಿಗೆ ಯಾರೋ ಕೂತಿದ್ದಾರೆ ಎನ್ನುವ ಹಾಗೆ, ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಒಳಗೆ ಹೋಗಿ ಬಿಲ್ಲೆ ತೆಗೆದು ಮುಂದೆ ಹಿಡಿದೆ. “ಸಿಸ್ಟರ್, ಯು ಆರ್ ನಾಟ್ ಸ್ಪೀಕಿಂಗ್ ಇಂಗ್ಲಿಷ್.”

ಅವರು ಗದರಬಹುದಿತ್ತು, ನಕ್ಕು ಕಳಿಸಬಹುದಿತ್ತು. ಮುಖ ಕೆಂಪಾಯಿತು, ಅಷ್ಟೆ. ತಲೆ ಬಾಗಿಸಿದರು. ನಾನು ಹಾಕಿದೆ. ಅವತ್ತು ಊಟದ ಕೋಣೆಯಲ್ಲಿ, ಮದರ್ ಸುಪೀರಿಯರ್ ಎದುರಿಗೆ, ಅವರು ಬಿಲ್ಲೆ ತೊಟ್ಟು ನಿಂತುಕೊಂಡೇ ಉಂಡರು. ಹುಡುಗಿಯರು ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಶಾಲೆ ಬಿಡುವವರೆಗೂ ಅವರ ಬಾಯಿಂದ ಆ ಭಾಷೆಯ ಒಂದು ಶಬ್ದವನ್ನೂ ಕೇಳಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಪುಸ್ತಕ ಸಿಗಲಿಲ್ಲ, ಸಿಗುವುದೂ ಇರಲಿಲ್ಲ. ಕೂಡ್ಲಿಗಿಯ ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ವಾರಕ್ಕೊಮ್ಮೆ ಬರುತ್ತಾಳೆ. ಅವಳು ಆನ್‌ಲೈನ್‌ನಲ್ಲಿ ಮೂರು ಪುಸ್ತಕ ತರಿಸಿದಳು.

“ಒಂದ್ ಇಟ್ಕೊಂಡು ಎರಡು ವಾಪಸ್ ಕಳಸೋಣು ದೊಡ್ಡಮ್ಮ. ವಾರದಾಗ ಡಿಸೈಡ್ ಮಾಡ್ರಿ. ಸೀರಿ ಆರಿಸಿದಂಗ ಅಂಗಡಿ ಪೂರ್ತಿ ಬಿಚ್ಚಿಸಬ್ಯಾಡ್ರಿ ಮತ್ತ.”

ಮೊದಲನೆಯದು ಪ್ರವಾಸಿಗರಿಗಾಗಿ ಬರೆದ ತೆಳುವಾದ, ಬಣ್ಣಬಣ್ಣದ ಪುಸ್ತಕ. ಕಾಫಿ ಕೇಳುವುದು, ರೈಲು ಹಿಡಿಯುವುದು ಎಲ್ಲ ಇತ್ತು, ಎಲ್ಲವೂ ವರ್ತಮಾನಕಾಲದಲ್ಲಿ. ಮಾಡಿದ್ದನ್ನು ಹೇಳಿಕೊಳ್ಳಲಾಗದ ಪುಸ್ತಕ ನನಗೇಕೆ? ಅದನ್ನು ಬದಿಗಿಟ್ಟೆ. ಎರಡನೆಯದು ಇಟ್ಟಿಗೆಯಂಥದ್ದು. ಪುಟಕ್ಕೊಂದು ಕ್ರಿಯಾಪದ, ಅಕಾರಾದಿಯಾಗಿ, ಎಲ್ಲ ಕಾಲ, ಎಲ್ಲ ರೂಪ. ಕಾನ್ವೆಂಟಿನಲ್ಲಿ ಟೇಬಲ್ಸ್ ಬಾಯಿಪಾಠ ಮಾಡಿ ಬೆಳೆದ ಜೀವ, ಅದನ್ನೇ ಹಿಡಿದೆ. ಪೂರ್ಣವಾದದ್ದೇ ಒಳ್ಳೆಯದೆಂಬ ನಂಬಿಕೆ. ಅವಳು ಮುಂದಿನ ಸಲ ಬಂದಾಗ ನಾನಿನ್ನೂ ‘ಎ’ ಅಕ್ಷರದಲ್ಲೇ ಇದ್ದೆ. ಇಟಾಲಿಯನ್‌ನಲ್ಲಿ ‘ಎ’ಯಿಂದ ಶುರುವಾಗುವ ಪ್ರೀತಿಸು, ಹೋಗು, ತೆರೆ, ಬಂದು ಸೇರು.

“ದೊಡ್ಡಮ್ಮ, ನಿಮ್ಮ ‘ಕ್ಷಮಿಸು’ ಎದರಾಗ ಐತಿ?”

“ಪಿ.”

“ಪಿ ತನಕ ಹೋಗೋದ್ರಾಗ ಎರಡು ಯುಗಾದಿ ಆಕ್ಕಾವು. ಫೋನಿಗೆ ಕನ್ನಡದಾಗ ಹೇಳ್ರಿ ಸುಮ್ನ, ಅದ ಇಟಾಲಿಯನ್‌ನ್ಯಾಗ ಹೇಳ್ತೈತಿ.”

“ಬಿಲ್ಲಿ ಹಾಕಿದ್ದು ಫೋನಲ್ಲವ್ವ.”

ಅವಳು ಮೂರನೆಯ ಪುಸ್ತಕವನ್ನು ತಾನೇ ನನ್ನ ತೊಡೆಯ ಮೇಲಿಟ್ಟಳು. ದಪ್ಪ ಅಕ್ಷರ, ಪೊರೆ ತೆಗೆಸಿಕೊಂಡ ನನ್ನ ಕಣ್ಣಿಗೂ ನಿಲುಕುವಂಥದ್ದು. ಕೆಲವೇ ಮಾದರಿಗಳು. ಉಳಿದ ಕ್ರಿಯಾಪದಗಳು ಯಾವ ಮಾದರಿಯಂತೆ ನಡೆಯುತ್ತವೆ ಎಂಬ ಪಟ್ಟಿ ಕೊನೆಯಲ್ಲಿ. ಎಲ್ಲಿ ಒತ್ತಿ ಹೇಳಬೇಕೋ ಆ ಸ್ವರದ ಕೆಳಗೊಂದು ಚುಕ್ಕೆ. ಹಿರಿಯರನ್ನು ‘ನೀವು’ ಎನ್ನುವ ರೂಪಕ್ಕೂ ಜಾಗ ಕೊಟ್ಟಿದ್ದರು. ಪಟ್ಟಿಯಲ್ಲಿ ಬೆರಳಾಡಿಸಿದೆ. ‘ಪೆರ್ದೋನಾರೆ’, ಅಂದರೆ ಕ್ಷಮಿಸು, ಇತ್ತು. ಅದು ಮೊಟ್ಟಮೊದಲ, ಅತಿ ಸುಲಭದ ಮಾದರಿಯಂತೆಯೇ ನಡೆಯುತ್ತದಂತೆ. ಆ ಪುಸ್ತಕವನ್ನು ಉಳಿಸಿಕೊಂಡೆ. ಇನ್ನೆರಡನ್ನು ಅವಳು ಮರುದಿನವೇ ಕಟ್ಟಿ ವಾಪಸ್ ಕಳಿಸಿದಳು.

ಮೂರು ವಾರದಲ್ಲಿ ನಾಲ್ಕು ವಾಕ್ಯ ಕಟ್ಟಿದೆ. ನಾನು ನಿಮ್ಮ ವಿದ್ಯಾರ್ಥಿನಿ. ಆ ಬಿಲ್ಲೆಯನ್ನು ನಿಮ್ಮ ಕೊರಳಿಗೆ ಹಾಕಿದವಳು ನಾನು. ತಪ್ಪು ಮಾಡಿದೆ. ನನ್ನನ್ನು ಕ್ಷಮಿಸಿ. ಅಡುಗೆಮನೆಯಲ್ಲಿ, ಹಿತ್ತಲಲ್ಲಿ, ಹೂ ಬಿಡಿಸುವಾಗ ಅವನ್ನೇ ಹೇಳಿಕೊಂಡು ಓಡಾಡಿದೆ.

ಒಂದು ಭಾನುವಾರ ಮಧ್ಯಾಹ್ನ ತಂಗಿಯ ಮಗಳು ಫೋನು ಹಿಡಿದು ನನ್ನೆದುರು ಕೂತಳು. ಪರದೆಯಲ್ಲಿ ಒಂದು ಕಿಟಕಿ, ಕಿಟಕಿಯ ಬಳಿ ಬಿಳಿ ಶಾಲು ಹೊದ್ದ ಚಿಕ್ಕ ಮುಖ. ನಾನು ಗುರುತು ಹಿಡಿದದ್ದು ಕೈಗಳನ್ನು. ಅವು ಆಗಲೂ ಶಾಲಿನ ಅಂಚನ್ನು ಮಡಿಸಿ ಮಡಿಸಿ ನೋಡುತ್ತಿದ್ದವು. ನಾಲ್ಕೂ ವಾಕ್ಯ ಹೇಳಿದೆ. ಕೊನೆಯದನ್ನು ಮತ್ತೊಮ್ಮೆ ಹೇಳಿದೆ.

ಸಿಸ್ಟರ್ ನನ್ನನ್ನೇ ನೋಡಿದರು. ಏನೋ ಹೇಳಿದರು, ಅದನ್ನೇ ಮತ್ತೆ ಮತ್ತೆ ಹೇಳಿದರು. ನನಗೆ ಅರ್ಥವಾಗಲಿಲ್ಲ. ಕೇರಳದ ಸನ್ಯಾಸಿನಿ ಬಗ್ಗಿ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. “ನಿಮ್ಮ ಕೊರಳಿಗೆ ಬಿಲ್ಲೆ ಹಾಕಿದ್ದಕ್ಕೆ ಅವರು ನಿಮ್ಮಲ್ಲಿ ಕ್ಷಮೆ ಕೇಳುತ್ತಿದ್ದಾರೆ, ಆಂಟಿ. ಮಕ್ಕಳಿಗೆ ಹಾಗೆ ಮಾಡಬಾರದಿತ್ತು ಅಂತಿದ್ದಾರೆ.”

ಅಲ್ಲ, ನಾನು ಹಾಕಿದ್ದು, ನಿಮಗೆ ಹಾಕಿದ್ದು ಎಂದು ತಿದ್ದಲು ಬಾಯಿ ತೆರೆದೆ. ಆದರೆ ನನ್ನ ಸಂಜೆ ಅವರ ನೆನಪಿನಲ್ಲಿ ಉಳಿದಿರಲಿಲ್ಲ. ಉಳಿದಿದ್ದದ್ದು ಬಿಲ್ಲೆ ತೊಟ್ಟು ನಿಂತ ನಮ್ಮಂಥ ಮಕ್ಕಳು. ನಾನು ಬಯಸಿದ ಕ್ಷಮೆಯನ್ನು ಕೊಡಲು ಅವರಿಗಿನ್ನು ಆಗುವಂತಿರಲಿಲ್ಲ. ಅವರು ಕೇಳುತ್ತಿದ್ದುದನ್ನು ಕೊಡಲು ನನ್ನ ಬಳಿ ಶಬ್ದವಿರಲಿಲ್ಲ. ಕ್ಷಮೆ ಕೇಳುವುದನ್ನಷ್ಟೇ ಕಲಿತು ಬಂದಿದ್ದೆ. ಎರಡೂ ಕೈ ಜೋಡಿಸಿ ತಲೆಯಾಡಿಸಿದೆ. ಅವರೂ ಆಡಿಸಿದರು.

ಮತ್ತೆ ಅವರು ಮಾತಿಗೆ ತೊಡಗಿದರು. ನಿಧಾನವಾಗಿ, ಎಡೆಬಿಡದೆ, ಅಂದು ಹೊಲಿಗೆಕೋಣೆಯಲ್ಲಿ ಹೇಳಿಕೊಳ್ಳುತ್ತಿದ್ದ ಹಾಗೆ, ತಮ್ಮ ಭಾಷೆಯಲ್ಲಿ. ಸನ್ಯಾಸಿನಿ ಅನುವಾದಿಸಲು ಹೊರಟಳು. ನಾನು ಬೇಡವೆಂದೆ.

“ಏನಂತಾರ, ದೊಡ್ಡಮ್ಮ?” ಎಂದು ತಂಗಿಯ ಮಗಳು ಪಿಸುಗುಟ್ಟಿದಳು.

“ಗೊತ್ತಿಲ್ಲವ್ವ. ಮಾತಾಡ್ಲಿ ಬಿಡು.”

ಅವಳು ಫೋನು ಹಿಡಿದ ಕೈ ಬದಲಿಸಿಕೊಂಡಳು.