ಬಾಲ ನೋಡಿ ಹುಳದ ಕುಲ ಹೇಳುವ ಶಾಂತವೀರಪ್ಪ

ಕೋಳಿ ಇನ್ನೂ ಕೂಗಿ ಮುಗಿಸಿಲ್ಲ, ಶಾಂತವೀರಪ್ಪನವರು ಗೊಟ್ಟಿಗೆರೆಯ ಒಂದು ಕೊಟ್ಟಿಗೆಯ ಗೋಡೆಗೆ ಮೂಗು ತಾಗಿಸಿ ನಿಂತಿದ್ದಾರೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಗಾಜಿನ ಕೊಳವೆ, ಅದಕ್ಕೆ ಸಿಕ್ಕಿಸಿದ ರಬ್ಬರ್ ನಳಿಗೆಯ ತುದಿ ಬಾಯಲ್ಲಿ. ಸುಯ್ ಎಂದು ಉಸಿರೆಳೆದರೆ ಸೊಳ್ಳೆ ಕೊಳವೆಯೊಳಗೆ! ನಡುವೆ ತೆಳು ಬಟ್ಟೆಯ ತಡೆ ಇದೆ, ಬಾಯಿಗೆ ಬರುವುದಿಲ್ಲ. "ಬಂದ್ರೂ ಏನಂತೆ ಸಾರ್, ಸರ್ಕಾರಿ ಸೊಳ್ಳೆ ಅಲ್ವಾ?" ಎಂದು ನಗುತ್ತಾರೆ.

ಆನೆಕಾಲು ರೋಗದ ಹುಳವನ್ನು ಸೊಳ್ಳೆಯೊಳಗೆ ಹುಡುಕುವುದು ಇವರ ಕೆಲಸ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಕೆಲಸಕ್ಕೆ ಸೇರಿದವರು, ಈಗ ಎಂಟು ವರ್ಷ. ಜಯನಗರದ ಬಾಡಿಗೆ ಕೋಣೆಯಿಂದ ನಾಲ್ಕು ಗಂಟೆಗೇ ಸೈಕಲ್ ಹೊರಡುತ್ತದೆ. ದಿನಕ್ಕೆ ಇಪ್ಪತ್ತು ಮನೆ, ಅರವತ್ತು ಎಪ್ಪತ್ತು ಸೊಳ್ಳೆ. ಆಮೇಲೆ ಕಚೇರಿಯಲ್ಲಿ ಕೂತು ಒಂದೊಂದನ್ನೂ ಎರಡು ಸೂಜಿಯಿಂದ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು. ಕಣ್ಣು ಉರಿಯುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ. ಅದಕ್ಕಿಂತ ಕಷ್ಟ ಜನರದ್ದು. "ಮಲಗಿರೋರ ಮನೆಗೆ ಬ್ಯಾಟರಿ ಹಿಡ್ಕೊಂಡು ಬರೋ ಗಂಡಸನ್ನ ಯಾರು ತಾನೇ ಒಳಗೆ ಬಿಟ್ಕೋತಾರೆ? ಪೊರಕೆ ಸೇವೇನೂ ಆಗಿದೆ!"

ಹುಳದ ವಿಷಯ ತೆಗೆದರೆ ಮಾತ್ರ ಮುಖ ಅರಳುತ್ತದೆ. "ಹುಳಕ್ಕೂ ಕುಲ ಇದೆ ಸಾರ್. ಲಕ್ಷಾಂತರ ವರ್ಷದಿಂದ ದನದೊಳಗೇ ಬಾಳಿ ಬಂದದ್ದು ದನಕ್ಕೇ ಒಗ್ಗಿಹೋಯ್ತು, ಮನುಷ್ಯರಲ್ಲಿದ್ದದ್ದು ಮನುಷ್ಯರಿಗೆ. ಎರಡಕ್ಕೂ ಸವಾರಿ ಸೊಳ್ಳೆ ಮೇಲೇ. ದಾಯಾದಿಗಳಲ್ವಾ, ನೋಡೋಕೆ ಒಂದೇ ಥರ. ಬಾಲ ನೋಡ್ಬೇಕು. ಮನುಷ್ಯರ ಹುಳದ ಬಾಲದ ತುದೀಲಿ ಮೂರು ಗುಬುಟು. ದನದ್ದಕ್ಕೆ ಒಂದು ಗುಂಡು, ಅಕ್ಕಪಕ್ಕ ಎರಡು ಪುಟ್ಟ ಕಿವಿ."

ಇಷ್ಟು ಬಲ್ಲವರೂ ಹೋದ ತಿಂಗಳು ಎಡವಿದರು. ಇದೇ ಊರಿನ ಅಕ್ಕಯಮ್ಮ ಎಂಬವರ ಮನೆಯಲ್ಲಿ ಜನ, ದನ ಒಂದೇ ಸೂರಿನಡಿ. ನಡುವೆ ಸೊಂಟದೆತ್ತರದ ಗೋಡೆ. ಪಡಸಾಲೆಯ ಸೊಳ್ಳೆ ಒಂದು ಕೊಳವೆಗೆ, ಕೊಟ್ಟಿಗೆಯದು ಇನ್ನೊಂದಕ್ಕೆ ಎಂಬುದು ಇವರ ಪದ್ಧತಿ. ಅವತ್ತು ಒಂದು ಕೊಳವೆ ಕೈಜಾರಿ ಒಡೆಯಿತು. ಎಲ್ಲವನ್ನೂ ಒಂದರಲ್ಲೇ ತುಂಬಿ, 'ಪಡಸಾಲೆ' ಎಂದು ಚೀಟಿ ಅಂಟಿಸಿ, ತಾವು ಬೇರೆ ಊರಿಗೆ ಹೋದರು. ಕಚೇರಿಗೆ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರರು ಸೊಳ್ಳೆ ಬಿಡಿಸಿದರು, ಹುಳ ಕಂಡರು, ಬಾಲ ನೋಡದೆ ಚೀಟಿ ನೋಡಿದರು. ಸರಿ, ರೋಗದ ಮನೆಯೆಂದು ಆ ಬಾಗಿಲಿಗೆ ಸುಣ್ಣದ ಗುರುತು ಬಿತ್ತು!

ಅಕ್ಕಯಮ್ಮನವರ ಮಗಳು ಜಯಾಳ ಮದುವೆಗೆ ಇಪ್ಪತ್ತೇ ದಿನ ಉಳಿದಿತ್ತು. ಸುಬ್ರಹ್ಮಣ್ಯಪುರದ ಗಂಡಿನ ಕಡೆಯವರು, ಆನೆಕಾಲಿನ ಮನೆ ಹೆಣ್ಣು ಬೇಡ ಎಂದು ಹೇಳಿ ಕಳಿಸಿದರು.

"ಅಕ್ಕಯಮ್ಮ ಬೈಲಿಲ್ಲ ಸಾರ್. ಬೈದಿದ್ರೆ ವಾಸಿಯಿತ್ತು," ಎನ್ನುತ್ತಾರೆ ಶಾಂತವೀರಪ್ಪ. ಬೇರೆ ಊರಿಂದ ಮರಳಿ ಅವರ ಮನೆಗೆ ಹೋದಾಗಲೇ ಇವರಿಗೆ ವಿಷಯ ತಿಳಿದದ್ದು. ಅಂದೇ ಕಚೇರಿಗೆ ಓಡಿ, ಆ ಹುಳವನ್ನಿಟ್ಟಿದ್ದ ಗಾಜಿನ ಪಟ್ಟಿಯನ್ನು ತೆಗೆಸಿ ನೋಡಿದರು. ಬಾಲದಲ್ಲಿ ಎರಡು ಕಿವಿ! ಇನ್ಸ್‌ಪೆಕ್ಟರರ ಮುಂದೆ ತಪ್ಪೊಪ್ಪಿಕೊಂಡರು. ಅವರೂ ದೊಡ್ಡ ಮನಸ್ಸಿನವರು, "ಕಿವಿ ಸಾಲದು ಕಣ್ರೀ, ಮನೆಯವರ ರಕ್ತಾನೂ ನೋಡಿಬಿಡೋಣ" ಎಂದರು. ಮನುಷ್ಯರ ಹುಳ ರಕ್ತಕ್ಕೆ ಇಳಿಯುವುದು ರಾತ್ರಿಯೇ. ಆದ್ದರಿಂದ ಅಂದು ರಾತ್ರಿಯೇ ಏಳು ಜನರ ಬೆರಳು ಚುಚ್ಚಿದ್ದಾಯಿತು. ಒಬ್ಬರಲ್ಲೂ ಒಂದು ಹುಳವಿಲ್ಲ!

ಮಾರನೆಯ ದಿನ ಸುಣ್ಣದ ಗುರುತು ಹೋಯಿತು. ಶಾಂತವೀರಪ್ಪನವರು ಇನ್ಸ್‌ಪೆಕ್ಟರರ ಕೈಬರಹದ ಕಾಗದ ಹಿಡಿದು ಸುಬ್ರಹ್ಮಣ್ಯಪುರಕ್ಕೆ ಸೈಕಲ್ ತುಳಿದರು. ಗಂಡಿನ ತಾಯಿ ಗೌರಮ್ಮನವರ ಜಗುಲಿಯ ಮೇಲೆ ಕೂತು, ಹುಳದ ಬಾಲವನ್ನು ಇದ್ದಿಲಿನಲ್ಲಿ ಬರೆದು ತೋರಿಸಿದರು. "ತಪ್ಪು ನಂದು ತಾಯೀ. ಹುಳ ಅವರ ಕೆಂದ ಹಸೂದು. ಹುಡುಗಿ ಚಿನ್ನದಂಥೋಳು. ಹಸೂಗೂ ಏನೂ ಆಗಿಲ್ಲ, ಎರಡು ಹೊತ್ತೂ ಹಾಲು ಕೊಡ್ತಿದೆ!" ಗೌರಮ್ಮ ತಡೆಯಲಾರದೆ ನಕ್ಕುಬಿಟ್ಟರಂತೆ.

ಕಳೆದ ಸೋಮವಾರ ಜಯಾಳ ಮದುವೆ ಜಾಂ ಜಾಂ ಎಂದು ನಡೆಯಿತು. ಶಾಂತವೀರಪ್ಪನವರಿಗೆ ಮೊದಲ ಪಂಕ್ತಿಯಲ್ಲೇ ಎಲೆ. ಹೋಳಿಗೆಗೆ ತುಪ್ಪ ಬಡಿಸುತ್ತ ಬಂದ ಗೌರಮ್ಮ ಇವರ ಮುಂದೆ ನಿಂತರು. "ನಮ್ಮನೇಲೂ ಎರಡು ಎಮ್ಮೆ ಕಟ್ಟಿದೀವಿ. ಸೊಳ್ಳೆ ನೋಡೋಕೆ ಯಾವತ್ತು ಬರ್ತೀರಾ?"

ಅದನ್ನು ಹೇಳುವಾಗ ಇವರ ಕಣ್ಣು ತುಂಬುತ್ತದೆ.

"ಎಂಟು ವರ್ಷದಲ್ಲಿ 'ಯಾಕೆ ಬಂದೆ' ಅಂದೋರೇ ಎಲ್ಲ ಸಾರ್. 'ಯಾವತ್ತು ಬರ್ತೀರಾ' ಅಂತ ಕೇಳಿದೋರು ಆ ತಾಯೊಬ್ಬರೇ."